ಹಣ್ಣು ತರಕಾರಿ ಒಣಗಿಸಿ ಹಾಳುಮಾಡುವ ಶಾಸ್ತ್ರೋಕ್ತ ಕ್ರಮ

ಯಂತ್ರ ಮೊದಲು ಕೊಳ್ಳಿ. ಏನು ಒಣಗಿಸುವುದು, ಯಾರು ತಿನ್ನುವುದು ಎಂಬುದನ್ನೆಲ್ಲ ಆಮೇಲೆ ನೋಡಿಕೊಂಡರಾಯಿತು. ಬಿಚ್ಚಿ ನೋಡಿದರೆ ಮನೆಬಳಕೆಯ ಡಿಹೈಡ್ರೇಟರಿನೊಳಗೆ ಒಂದು ಹೀಟರು, ಒಂದು ಫ್ಯಾನು, ಐದಾರು ಜಾಲರಿ ತಟ್ಟೆ, ಶಾಖ ಹೆಚ್ಚುಕಡಿಮೆ ಮಾಡುವ ಒಂದು ಗುಂಡಿ ಬಿಟ್ಟರೆ ಬೇರೇನೂ ಇಲ್ಲ. ಆದ್ದರಿಂದ ಬಿಚ್ಚಿ ನೋಡಬೇಡಿ. ಇನ್ನು ಈ ಮನೆಯಲ್ಲಿ ಒಂದು ಬಾಳೆಹಣ್ಣೂ ಕೊಳೆಯುವುದಿಲ್ಲ, ಮಕ್ಕಳು ಚಿಪ್ಸ್ ಬಿಟ್ಟು ಸೇಬಿನ ಬಿಲ್ಲೆ ಕೇಳುತ್ತಾರೆ ಎಂದು ದೃಢವಾಗಿ ನಂಬಿ. ನಂಬಿಕೆ ಅರೆಬರೆಯಾದವರಿಗೆ ಮುಂದಿನ ಹಂತಗಳು ಕೈಗೂಡುವುದಿಲ್ಲ.

ಕೊಳ್ಳಲು ಏಪ್ರಿಲ್ ಪ್ರಶಸ್ತ. ತಾರಸಿಯ ಮೇಲೆ ಕಾಲಿಡಲಾಗದಂಥ ಬಿಸಿಲು ಬಿಟ್ಟಿಯಾಗಿ ಬಿದ್ದಿರುವಾಗ ಒಳಗೆ ಪರದೆ ಎಳೆದುಕೊಂಡು ಕರೆಂಟಿನಲ್ಲಿ ಟೊಮೆಟೊ ಒಣಗಿಸಿ. ಜೂನ್ ಬಂದು, ಹೊರಗೆ ಏನಿಟ್ಟರೂ ಬೂಷ್ಟು ಹಿಡಿಯುವ ಕಾಲ ಶುರುವಾಗಿ, ಯಂತ್ರಕ್ಕೆ ನಿಜವಾದ ಕೆಲಸ ಹುಟ್ಟಿದ ಕೂಡಲೇ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿ.

ಈಗ ಸಂತೆಗೆ ಹೋಗಿ. ಗಾಡಿಯವನು ಸಂಜೆ ಹೊತ್ತಿಗೆ ಬುಟ್ಟಿಯ ತಳದಿಂದ ಎತ್ತಿ ರಾಶಿ ಹಾಕಿರುತ್ತಾನಲ್ಲ, ಮೆತ್ತಗೆ, ಒಂದು ಕಡೆ ನೀರಾಗಿರುವ ಮಾಲು, ಅದನ್ನೇ ಆರಿಸಿ. ಕೊಳೆತದ್ದು ಒಣಗಿದರೆ ಕೊಳೆತದ್ದು ಒಣಗಿದಂತಾಗುತ್ತದೆಯೇ ಹೊರತು ಹೊಸದಾಗುವುದಿಲ್ಲ ಎನ್ನುವವರಿದ್ದಾರೆ. ಒಣಗಿಸುವುದರಿಂದ ಸೂಕ್ಷ್ಮಜೀವಿಗಳು ಸಾಯುವುದಿಲ್ಲ, ನೀರಿಲ್ಲದೆ ಸುಮ್ಮನಿರುತ್ತವೆ ಅಷ್ಟೇ ಎಂದೂ ಅವರು ಹೇಳುತ್ತಾರೆ. ಅಂಥವರಿಗೆ ದಾರಿ ಬಿಟ್ಟು ಮುಂದೆ ನಡೆಯಿರಿ. ಮೊದಲ ಪ್ರಯೋಗಕ್ಕೆ ಕಲ್ಲಂಗಡಿ ಒಳ್ಳೆಯದು. ಅದರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಪಾಲು ನೀರು. ಇಡೀ ಹಣ್ಣು ಹೆಚ್ಚಿ ಇಟ್ಟರೆ ಮರುದಿನ ತಟ್ಟೆಯಲ್ಲಿ ಒಂದಿಷ್ಟು ಕೆಂಪು ಕಲೆ ಸಿಗುತ್ತದೆ. ಎರಡನೆಯದಕ್ಕೆ ಬೆಣ್ಣೆಹಣ್ಣು. ಅದರ ನೀರು ಹೋದರೂ ಕೊಬ್ಬು ಹೋಗುವುದಿಲ್ಲ. ಡಬ್ಬಿಯಲ್ಲಿ ಕೂತು ನಿಧಾನವಾಗಿ ಕಮಟು ವಾಸನೆ ಹಿಡಿಯುತ್ತದೆ.

ಹೆಚ್ಚುವಾಗ ಕೈಯನ್ನು ಸ್ವತಂತ್ರವಾಗಿ ಬಿಡಿ. ಬಿಲ್ಲೆಗಳೆಲ್ಲ ಸಮನಾಗಿ ಸುಮಾರು 6 ಮಿಲಿಮೀಟರ್ ದಪ್ಪ ಇರಬೇಕು ಎನ್ನುವುದು ಪುಸ್ತಕದ ಮಾತು. ನೀವು ಒಂದು ಅಂಚನ್ನು 2 ಮಿಲಿಮೀಟರಿಗೆ ಇಳಿಸಿ, ಇನ್ನೊಂದನ್ನು 12ಕ್ಕೆ ಏರಿಸಿ. ಆಗ ಒಂದೇ ಬಿಲ್ಲೆಯಲ್ಲಿ ಸೀದದ್ದು, ಒಣಗಿದ್ದು, ಹಸಿಯದ್ದು ಮೂರೂ ದೊರೆಯುತ್ತವೆ.

ಸೇಬು, ಬಾಳೆಹಣ್ಣು ಕಪ್ಪಾಗದಿರಲು ನಿಂಬೆರಸದ ನೀರಿನಲ್ಲಿ ಅದ್ದಬೇಕಂತೆ. ಕ್ಯಾರೆಟ್, ಬೀನ್ಸನ್ನು ಕುದಿಯುವ ನೀರಿಗೆ ಹಾಕಿ ಎರಡು ಮೂರು ನಿಮಿಷಕ್ಕೆ ತೆಗೆದು ತಣ್ಣೀರಿಗೆ ಬಿಡಬೇಕಂತೆ. ಹಾಗೆ ಮಾಡದಿದ್ದರೆ ಒಳಗಿನ ಕಿಣ್ವಗಳು ಡಬ್ಬಿಯಲ್ಲೂ ಕೆಲಸ ಮುಂದುವರಿಸಿ ಬಣ್ಣ, ರುಚಿ ಎರಡನ್ನೂ ತೆಗೆಯುತ್ತವಂತೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರು 1950ರಿಂದಲೂ ಚೆಲುವಾಂಬ ಮ್ಯಾನ್ಷನ್ನಿನಲ್ಲಿ ಕೂತು ಇಂಥದ್ದನ್ನೆಲ್ಲ ಅಭ್ಯಾಸ ಮಾಡುತ್ತಿದ್ದಾರೆ. ಅವರಿಗೆ ಪುರುಸೊತ್ತಿದೆ, ನಿಮಗಿಲ್ಲ. ಹಸಿಯದನ್ನೇ ಹಾಕಿ. ಕಿಣ್ವಗಳಿಗೂ ಒಂದು ಉದ್ಯೋಗ ಇರಲಿ.

ತಟ್ಟೆ ತುಂಬುವುದರಲ್ಲಿ ಜಿಪುಣತನ ಬೇಡ, ಜಾಗ ಬಿಡುವುದೆಂದರೆ ಬಾಡಿಗೆ ಕೊಟ್ಟು ಮನೆ ಖಾಲಿ ಇಟ್ಟ ಲೆಕ್ಕ. ಬಿಲ್ಲೆಗಳನ್ನು ಒಂದರ ಮೇಲೊಂದು ಹೇರಿ, ಗಾಳಿ ಎಲ್ಲೂ ನುಸುಳದಂತೆ ನೋಡಿಕೊಳ್ಳಿ. ಕೆಳಗಿನ ತಟ್ಟೆಗೆ ಈರುಳ್ಳಿ, ಮೇಲಿನದಕ್ಕೆ ಬಾಳೆಹಣ್ಣು. ತಟ್ಟೆಗಳನ್ನು ನಡುನಡುವೆ ಮೇಲೆ ಕೆಳಗೆ ಬದಲಾಯಿಸುತ್ತಿರಬೇಕು ಎಂದು ಯಾರಾದರೂ ಹೇಳಿದರೆ ನಕ್ಕುಬಿಡಿ. ಬೆಳಗ್ಗೆ ಹಾಕಿದ್ದು ಅರ್ಧ ಒಣಗಿದ ಹೊತ್ತಿಗೆ ಹೊಸದಾಗಿ ಹೆಚ್ಚಿದ ಒಂದು ತಟ್ಟೆ ಅನಾನಸನ್ನು ನಡುವೆ ತೂರಿಸಿ. ಅದರ ಹಬೆಯನ್ನು ಅರೆ ಒಣಗಿದವು ಕೃತಜ್ಞತೆಯಿಂದ ಹೀರಿಕೊಳ್ಳುತ್ತವೆ, ನೀವು ಮತ್ತೆ ಮೊದಲಿನಿಂದ ಶುರುಮಾಡಬಹುದು.

ಇನ್ನು ಶಾಖ. ಈ ವಿದ್ಯೆಯ ಸಾರವೆಲ್ಲ ಇಲ್ಲಿದೆ, ಗಮನವಿಟ್ಟು ಓದಿ. ಸೊಪ್ಪಿಗೆ 35 ಡಿಗ್ರಿ, ಹಣ್ಣು ತರಕಾರಿಗೆ 52ರಿಂದ 60ರೊಳಗೆ ಸಾಕು. ಗುಂಡಿಯನ್ನು ತಿರುಗುವಷ್ಟು ತಿರುಗಿಸಿ 70ಕ್ಕೆ ನಿಲ್ಲಿಸಿ. ಒಂದೆರಡು ತಾಸಿನಲ್ಲಿ ಬಿಲ್ಲೆಯ ಹೊರಮೈ ಗಟ್ಟಿಯಾಗಿ ಬಿಗಿದುಕೊಳ್ಳುತ್ತದೆ. ಒಳಗಿನ ನೀರು ಹೊರಬರಲು ದಾರಿ ಇಲ್ಲದೆ ಅಲ್ಲೇ ನಿಲ್ಲುತ್ತದೆ. ನಿಧಾನವಾಗಿ ಒಣಗಿಸಿದ್ದರೆ ಒಳಗಿನ ತೇವ ಮೇಲಕ್ಕೆ ಬರುತ್ತ, ಮೇಲಿನದು ಆರುತ್ತ, ಎರಡೂ ಹೊಂದಿಕೊಂಡು ಹೋಗುತ್ತಿದ್ದವು. ಅಷ್ಟು ತಾಳ್ಮೆ ಇದ್ದವರು ಯಂತ್ರವನ್ನೇ ಕೊಳ್ಳುತ್ತಿರಲಿಲ್ಲ. ನಿಮ್ಮ ಬಿಲ್ಲೆಯನ್ನು ಕೈಯಲ್ಲಿ ಹಿಡಿದು ಮೇಜಿಗೆ ಕುಟ್ಟಿ. ಟಕ್ ಎನ್ನುತ್ತದೆ. ಇಷ್ಟು ಚೆನ್ನಾಗಿ ಒಣಗಿದ್ದನ್ನು ಯಾರೂ ನೋಡಿರುವುದಿಲ್ಲ. ಮೂರು ವಾರದ ನಂತರ ಅದು ಒಳಗಿನಿಂದ ಹಸಿರಾಗುತ್ತದೆ, ಆದರೆ ಫೋಟೊ ಅಷ್ಟರಲ್ಲಿ ಬಂಧುಗಳ ಗುಂಪಿಗೆ ಹೋಗಿ ಆಗಿರುತ್ತದೆ.

ಸರಿಯಾಗಿ ಈ ಹೊತ್ತಿಗೆ ಅತ್ತೆಯವರು ಅಡುಗೆಮನೆ ಬಾಗಿಲಲ್ಲಿ ಕಾಣಿಸಿಕೊಳ್ಳುತ್ತಾರೆ. ಜೀವಮಾನವಿಡೀ ಸಂಡಿಗೆ, ಹಪ್ಪಳ, ಬಾಳಕ ಒಣಗಿಸಿದವರು.

“ಮುರಿದು ನೋಡಿದ್ಯಾ? ಒಳಗೆ ಹಸಿ ಇದ್ರೆ ಕೆಡತ್ತೆ” ಎನ್ನುತ್ತಾರೆ.

“ಇದ್ರಲ್ಲಿ ಟೈಮರ್ ಇದೆ ಅತ್ತೆ” ಎನ್ನಿ. ಅದಕ್ಕಿಂತ ಹೆಚ್ಚು ಮಾತು ಬೇಡ, ಅವರ ಕೈಗೆ ಬಿಲ್ಲೆಯಂತೂ ಕೊಡಲೇಬೇಡಿ.

ಅವರ ಕಾಲದ್ದನ್ನೆಲ್ಲ ಯಂತ್ರದಲ್ಲಿ ಮಾಡಿ ತೋರಿಸುವ ಹುಮ್ಮಸ್ಸು ಬಂದರೆ ತಡೆಯಬೇಡಿ. ಕರಾವಳಿಯವರು ಮಾಂಬಳ ಮಾಡುವಾಗ ಮಾವಿನ ರಸವನ್ನು ಚಾಪೆಯ ಮೇಲೆ ತೆಳ್ಳಗೆ ಬಳಿದು, ಅದು ಒಣಗಿದ ಮೇಲೆ ಇನ್ನೊಂದು ಪದರ, ಅದೂ ಒಣಗಿದ ಮೇಲೆ ಮತ್ತೊಂದು, ಹೀಗೆ ದಿನಗಟ್ಟಲೆ ಕಾಯುತ್ತಾರೆ. ನೀವು ಎರಡು ಲೀಟರ್ ರಸವನ್ನು ಒಂದೇ ಸಲ ಜಾಲರಿ ತಟ್ಟೆಗೆ ಸುರಿಯಿರಿ. ಕೆಳಗೆ ಹಾಳೆ ಹಾಸಬೇಡಿ. ಹೀಟರು ತಳದಲ್ಲಿರುವ ಯಂತ್ರವಾದರೆ ಫಲ ಬೇಗ ತಿಳಿಯುತ್ತದೆ. ಯಲ್ಲಾಪುರ, ಶಿರಸಿ ಕಡೆಯ ಬಾಳೆಹಣ್ಣಿನ ಸುಕೇಳಿಯ ಹೆಸರನ್ನು ಮಾತಿನ ನಡುವೆ ಆಗಾಗ ತನ್ನಿ, ತಿಳಿದವರಂತೆ ಕಾಣುತ್ತೀರಿ. 2021ರಲ್ಲಿ ಬಾಳೆಗೆ ಬೆಲೆ ಬಿದ್ದಾಗ ರೈತರ ಮನೆಗಳಲ್ಲಿ ಬಾಳೆಕಾಯಿ ಒಣಗಿಸಿ ಹುಡಿ ಮಾಡಿದರು. ‘ಬಾಕಾಹು’ ಎಂದು ಅದು ಹೆಸರಾಯಿತು. ಅವರು ಬಳಸಿದ್ದು ಕಾಯಿ. ನೀವು ಹಣ್ಣು ಬಳಸಿ. ಅದರ ಸಕ್ಕರೆಯಿಂದಾಗಿ ಎಷ್ಟು ಒಣಗಿದರೂ ಅಂಟು ಬಿಡುವುದಿಲ್ಲ, ಮಿಕ್ಸಿಗೆ ಹಾಕಿ ತಿರುಗಿಸಿದರೆ ಬ್ಲೇಡನ್ನು ತಬ್ಬಿಕೊಂಡು ಕೂರುತ್ತದೆ. ಮಿಕ್ಸಿಯನ್ನೂ ಹೊಸದು ಕೊಳ್ಳುವ ಯೋಗ ಹೀಗೆ ಕೂಡಿ ಬರುತ್ತದೆ.

ಡಬ್ಬಿಗೆ ತುಂಬುವುದು ಬಿಸಿ ಇರುವಾಗಲೇ. ಆರಲು ಬಿಟ್ಟರೆ ಮುಚ್ಚಳದ ಒಳಗೆ ಬೆವರು ಕಟ್ಟುವುದಿಲ್ಲ, ಬೆವರು ಕಟ್ಟದಿದ್ದರೆ ಬೂಷ್ಟಿಗೆ ಆಸರೆ ಇಲ್ಲ. ಅನುಭವಿಗಳು ಒಣಗಿದ ಹಣ್ಣನ್ನು ಗಾಜಿನ ಭರಣಿಗೆ ಸಡಿಲವಾಗಿ ತುಂಬಿ ಏಳರಿಂದ ಹತ್ತು ದಿನ, ದಿನಕ್ಕೊಮ್ಮೆ ಅಲ್ಲಾಡಿಸಿ, ಗಾಜಿಗೆ ತೇವ ಕಂಡರೆ ಮತ್ತೆ ಯಂತ್ರಕ್ಕೆ ಹಾಕುತ್ತಾರೆ. ನೀವು ಕಂಠಮಟ್ಟ ತುರುಕಿ. ಭರಣಿಯನ್ನು ಕಿಟಕಿಯ ಬಿಸಿಲಿನಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟು ಬಣ್ಣ ಮಾಸಲು ಬಿಡಿ. ದಿನಾಂಕ ಬರೆದ ಚೀಟಿ ಅಂಟಿಸಬೇಡಿ. ಮುಂದೆ ವಾದಕ್ಕೆ ನಿಂತಾಗ ಅದೇ ನಿಮಗೆ ಎದುರು ಸಾಕ್ಷಿ ಹೇಳುತ್ತದೆ.

ಕೊನೆಗೆ ಲೆಕ್ಕ. ಇದನ್ನು ಮಾಡಲೇಬೇಡಿ ಎಂದು ಸಲಹೆ ಕೊಡುವವರಿದ್ದಾರೆ, ನಾನು ಹಾಗೆನ್ನುವುದಿಲ್ಲ. ಟೊಮೆಟೊದಲ್ಲಿ ನೂರಕ್ಕೆ 94ರಷ್ಟು ನೀರು. 5 ಕಿಲೋ ಒಣಗಿಸಿದರೆ ಕೈಗೆ ಬರುವುದು ಮುನ್ನೂರು ಚಿಲ್ಲರೆ ಗ್ರಾಂ. 500 ವ್ಯಾಟಿನ ಯಂತ್ರ 12 ತಾಸು ಎಡೆಬಿಡದೆ ಉರಿದರೆ 6 ಯೂನಿಟ್. ಸರ್ಕಾರದ ಗೃಹಜ್ಯೋತಿಯ ಬಿಟ್ಟಿ ಕರೆಂಟು ಇರುವ ಮನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕಷ್ಟೆ. ನಿಮ್ಮದು 190ರ ಆಸುಪಾಸಿನಲ್ಲಿದ್ದರೆ ಎರಡೇ ಸಲ ಟೊಮೆಟೊ ಹಾಕಿ, ದಾಟಿಬಿಡುತ್ತೀರಿ. ಮೀಟರು ಓದಲು ಬಂದವರು ಬಿಲ್ಲು ಹರಿದು ಕೈಗಿಡುವಾಗ ಒಂದು ಪೊಟ್ಟಣ ಒಣ ಟೊಮೆಟೊ ಅವರ ಕೈಗೂ ಇಡಿ. ಬೇಡ ಎಂದರೆ, ಮನೆಯಲ್ಲೇ ಮಾಡಿದ್ದು ಎಂದು ಹೇಳಿ ಒತ್ತಾಯ ಮಾಡಿ.