ತಲೆಪಟ್ಟಿ ಇಲ್ಲದ ವಿಂಡೋ

ಗುಬ್ಬಿಯ ಅಡಿಕೆ ಮಂಡಿಯೊಂದರಿಂದ ತುಮಕೂರಿಗೆ ಫೋನ್ ಬಂತು: "ಸಾರ್, ನಮ್ ಬಿಲ್ ಪ್ರೋಗ್ರಾಮ್ ಮುಚ್ಚೋಕಾಗ್ತಿಲ್ಲ. ದಿನಾ ಸಂಜೆ ಮೈನ್ ಸ್ವಿಚ್ಚೇ ಆರಿಸ್ತಿದೀವಿ."

ಹೋಗಿ ನೋಡಿದರೆ ವಿಷುಯಲ್ ಬೇಸಿಕ್ 6ರ ಮುದಿ ಪ್ರೋಗ್ರಾಮು. ಪರದೆ ತುಂಬ ತೂಕ, ಚೀಲ, ಕಮಿಷನ್, ಹಮಾಲಿ. ಟೈಟಲ್ ಬಾರ್ ಮಾತ್ರ ಇಲ್ಲ. ಇಂಟು ಗುರುತಿಲ್ಲ, ಹಿಡಿದು ಎಳೆಯಲು ಜಾಗವಿಲ್ಲ. ಯಾರೋ ಪುಣ್ಯಾತ್ಮ ಬಾರ್ಡರ್‌ಸ್ಟೈಲನ್ನು ಸೊನ್ನೆ ಮಾಡಿ ಹೋಗಿದ್ದ.

"ನಾನೇ ತೆಗೆಸಿದ್ದು" ಎಂದರು ಸಾಹುಕಾರರು. "ಅಂಗಡಿ ಹೆಸರು ಅಲ್ಲಿ ಕಾಗೆ ಕಾಲು ಗುಬ್ಬಿ ಕಾಲಾಗಿ ಬರ್ತಿತ್ತು."

ನಿಜವೇ. ಆಗಿನ ನುಡಿ, ಬರಹ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದವು. ಫಾರ್ಮಿನೊಳಗಿನ ಲೇಬಲ್ಲಿಗೆ ಅವನ್ನು ತೊಡಿಸಬಹುದು. ಟೈಟಲ್ ಬಾರನ್ನು ವಿಂಡೋಸೇ ತನ್ನ ಫಾಂಟಿನಲ್ಲಿ ಬರೆಯುತ್ತದೆ. 2001ರ ಎಕ್ಸ್‌ಪಿ ಯೂನಿಕೋಡ್ ಕನ್ನಡವನ್ನೂ ತುಂಗಾ ಫಾಂಟನ್ನೂ ತಂದಿತು. ಆದರೆ ವಿಬಿ 6 ತಲೆಬರಹವನ್ನು ಹಳೆಯ ಆನ್ಸಿ ಸಂಕೇತಕ್ಕೆ ಇಳಿಸಿಯೇ ಕಳಿಸುವುದು. ಅಲ್ಲಿ ಕನ್ನಡಕ್ಕೆ ಮನೆಯೇ ಇಲ್ಲ, ಬರುವುದು ಬರೀ ಪ್ರಶ್ನಾರ್ಥಕ ಚಿಹ್ನೆ. 'ಕುರುಕ್ಷೇತ್ರ' ನಾಟಕಕ್ಕೆ ಜೀವಂತ ಆನೆ, ಕುದುರೆಗಳನ್ನೇ ರಂಗ ಹತ್ತಿಸಿದ ಗುಬ್ಬಿ ವೀರಣ್ಣನವರ ಊರಿನಲ್ಲಿ, ಬೆರಳಗಲದ ಪಟ್ಟಿಗೆ ಒಂದು ಕನ್ನಡ ಹೆಸರು ಹತ್ತಿಸಲು ತಿಣುಕಬೇಕಾಯಿತು!

ಸೆಟ್‌ವಿಂಡೋಲಾಂಗ್ ಎಂಬ ವಿಂಡೋಸ್ ಫಂಕ್ಷನ್ ಕರೆದು ಕ್ಯಾಪ್ಷನ್ ಸ್ಟೈಲ್ ಸೇರಿಸಿದೆ. ಪರದೆ ಮಿಸುಕಲಿಲ್ಲ. ಸ್ಟೈಲ್ ಬದಲಿಸಿದರಷ್ಟೇ ಸಾಲದು. ಸೆಟ್‌ವಿಂಡೋಪಾಸ್ ಮೂಲಕ 'ಫ್ರೇಮ್‌ಚೇಂಜ್ಡ್' ಎಂದು ಕೂಗಿ ಹೇಳುವ ತನಕ ವಿಂಡೋಸ್ ಹಳೆಯ ಚೌಕಟ್ಟನ್ನೇ ತೋರಿಸುತ್ತದೆ, ಖಾತೆ ಬದಲಾದ ಮೇಲೂ ಪಹಣಿಯಲ್ಲಿ ತಾತನ ಹೆಸರೇ ಬರುವ ಹಾಗೆ. ಕೂಗಿದೆ. ಬಾರ್ ಬಂತು, ಇಂಟು ಬರಲಿಲ್ಲ: ಗುಂಡಿಗಳೆಲ್ಲ ಸಿಸ್‌ಮೆನು ಎಂಬ ಇನ್ನೊಂದು ಸ್ಟೈಲಿನ ಮರ್ಜಿಯಲ್ಲಿವೆ. ಅದನ್ನೂ ಕೊಟ್ಟೆ. ಬಾರ್ ಬಂದಷ್ಟು ಒಳಗಿನ ಜಾಗ ಕುಗ್ಗಿ 'ಉಳಿಸು' ಗುಂಡಿ ಅರ್ಧ ಮುಳುಗಿತು. ಫಾರ್ಮನ್ನು ಉದ್ದ ಮಾಡಿದೆ. ಹೆಸರನ್ನು ವಿಬಿಯ ಕೈಗೆ ಕೊಡದೆ ಡೆಫ್‌ವಿಂಡೋಪ್ರಾಕ್‌ಡಬ್ಲ್ಯು ಎಂಬ ವಿಂಡೋಸಿನ ಯೂನಿಕೋಡ್ ಫಂಕ್ಷನ್ನಿಗೆ ನೇರ ಒಪ್ಪಿಸಿದೆ. ಮಂಡಿಯ ಹೆಸರು ಒತ್ತಕ್ಷರ ಸಮೇತ ಮೂಡಿತು. ಸಾಹುಕಾರರು ಪರದೆಗೆ ಕುಂಕುಮ ಇಡಹೋದರು, ತಡೆದೆ.

ವಾರ ಕಳೆದಿರಲಿಲ್ಲ, ಅದೇ ಪ್ರೋಗ್ರಾಮ್ ಹಾಕಿಸಿಕೊಂಡ ಕುಣಿಗಲ್ ಅಂಗಡಿಯಿಂದ ಸಾಹುಕಾರರ ಭಾವಮೈದನ ಫೋನು: "ಸಾರ್, ಇಂಟು ಇರ್ಲಿ, ಆ ಕುಗ್ಸೋ ಗುಂಡಿ ತೆಗೀರಿ. ರೈಟರ್ ಬಿಲ್ಲನ್ನ ಕೆಳಗಿಳ್ಸಿ ಇಸ್ಪೀಟ್ ಆಡ್ತಾ ಕೂತವ್ನೆ."

ಮಿನಿಮೈಸ್‌ಬಾಕ್ಸ್ ಒಂದನ್ನೇ ಕಳೆದೆ. ಆದರೆ ಪಕ್ಕದ ಹಿಗ್ಗಿಸುವ ಗುಂಡಿ ಇರುವ ತನಕ ಇದು ಪೂರ್ತಿ ಹೋಗುವುದಿಲ್ಲ, ಮಸುಕಾಗಿ ಅಲ್ಲೇ ಉಳಿಯುತ್ತದೆ. ಮೌಸ್ ಕೆಟ್ಟಿದೆ, ಹೊಸದು ಕೊಡಿಸಿ ಎಂದು ರೈಟರ್ ಈಗ ದಿನಾ ಅರ್ಜಿ ಹಾಕುತ್ತಿದ್ದಾನಂತೆ.