ಸರ್ವರ್ ಬೆನ್ನಿನ ದೀಪಗಳು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಯಾವ ಊರಲ್ಲಿ ಪಹಣಿಗೆ ಸಾಲು ನಿಂತರೂ ಒಂದಲ್ಲ ಒಂದು ದಿನ ಈ ಮಾತು ಕಿವಿಗೆ ಬೀಳುತ್ತದೆ: ‘ಸರ್ವರ್ ಬಿದ್ದೈತ್ರೀ, ನಾಳೆ ಬರ್ರಿ.’ ಎಲ್ಲಿ ಬಿತ್ತು, ಪೆಟ್ಟಾಯಿತೇನು ಎಂದು ಯಾವ ಅಜ್ಜನೂ ಕೇಳುವುದಿಲ್ಲ.

ಪಹಣಿಯನ್ನು ಕಂಪ್ಯೂಟರಿಗೇರಿಸಿದ ‘ಭೂಮಿ’ ಯೋಜನೆಯ ಮೊದಲ ದಿನಗಳಲ್ಲಿ, 2000ದ ಸುಮಾರಿಗೆ, ಸರ್ವರ್ ತಾಲ್ಲೂಕು ಕಚೇರಿಯಲ್ಲೇ ಇತ್ತು. ಈಗ ದಾಖಲೆಗಳೆಲ್ಲ ಬೆಂಗಳೂರಿನಲ್ಲಿ. ಅಲ್ಲಿ ಯಂತ್ರ ಗಟ್ಟಿಮುಟ್ಟಾಗಿದ್ದರೂ ನಡುದಾರಿಯಲ್ಲಿ ಜೆಸಿಬಿ ಕೇಬಲ್ ಕಡಿದರೆ ಸಾಕು, ಕುಷ್ಟಗಿಯಲ್ಲಿ ಸರ್ವರ್ ‘ಬಿದ್ದೇ’ ಬೀಳುತ್ತದೆ.

ಸರ್ವರಿನ ಸುದ್ದಿ ಗೊತ್ತಾಗಬೇಕೆಂದರೆ ಹಿಂಬದಿ ನೋಡಬೇಕು. ನೆಟ್‌ವರ್ಕ್ ಕೇಬಲ್ ಸಿಕ್ಕಿಸುವ ಕಿಂಡಿಯ ಮೂಲೆಗಳಲ್ಲಿ ಸಾಮಾನ್ಯವಾಗಿ ಎರಡು ಪುಟ್ಟ ದೀಪ. ಒಂದು ಉರಿದರೆ ಸಂಪರ್ಕ ಸಿಕ್ಕಿದೆ. ಇನ್ನೊಂದು ಮಿಣಿಮಿಣಿ ಮಿಟುಕಿದರೆ ಮಾಹಿತಿ ಓಡಾಡುತ್ತಿದೆ. ಮಿಟುಕುವುದನ್ನು ಕಂಡು ಗಾಬರಿಬಿದ್ದು ಕೇಬಲ್ ಕೀಳುವ ಉತ್ಸಾಹಿಗಳೂ ಉಂಟು. ಪಾಪ, ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದುದು ಅದೊಂದೇ!

ಪವರ್ ಸಪ್ಲೈ ಎರಡಿರುತ್ತವೆ, ಜೋಡೆತ್ತಿನ ಹಾಗೆ. ಒಂದು ಕುಸಿದರೆ ಇನ್ನೊಂದು ಭಾರ ಎಳೆಯುತ್ತದೆ. ಹಸಿರು ದೀಪ ಕ್ಷೇಮ, ಕಿತ್ತಳೆ ಬಣ್ಣ ಬಂದರೆ ಫೋನ್ ಹಚ್ಚಬೇಕು. ಆದರೆ ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬಾಕ್ಸಿಗೆ ಸಿಕ್ಕಿಸುವ ಜಾಣರಿಗೆ ಯಾವ ದೀಪವೂ ಬುದ್ಧಿ ಹೇಳದು.

15 ಪಿನ್ನಿನ ನೀಲಿ ಕಿಂಡಿ ಮಾನಿಟರಿಗೆ. ಐಬಿಎಂ 1987ರಲ್ಲಿ ತಂದ ವಿಜಿಎ ಅದು. ಲ್ಯಾಪ್‌ಟಾಪುಗಳು ಕೈಬಿಟ್ಟರೂ ಎಷ್ಟೋ ಸರ್ವರುಗಳು ಬಿಟ್ಟಿಲ್ಲ.

ನೀಲಿ ದೀಪ ಮಾತ್ರ ಸಾಮಾನ್ಯವಾಗಿ ರೋಗವಲ್ಲ, ಗುರುತು. ಮುಂದೆ ಗುಂಡಿ ಒತ್ತಿದರೆ ಹಿಂದೆಯೂ ಬೆಳಗುತ್ತದೆ, ಸುತ್ತಿ ಬಂದ ತಂತ್ರಜ್ಞ ಪಕ್ಕದ ಪೆಟ್ಟಿಗೆಯ ವೈರು ಕೀಳದಿರಲೆಂದು.