ದಿಲ್ಲಿಗೆ ಹೊರಟ ಏಳನೇ ಕ್ಲಾಸು

ಮಾರಿಕುಪ್ಪಂ ಸ್ಟೇಷನ್. ಹಳಿ ಇಲ್ಲಿಗೇ ಮುಗಿಯುತ್ತದೆ. ದಿಲ್ಲಿಗೂ ದಾರಿ ಬಂಗಾರಪೇಟೆ ಮೇಲೇ.

"ಸಾರ್, ದಿಲ್ಲೀಲಿ ಏನ್ ನೋಡ್ತೀವಿ?"

"ಕುತುಬ್ ಮಿನಾರ್. ಸುಮಾರು 73 ಮೀಟರ್ ಎತ್ತರ ಕಣೋ!"

"ನಮ್ ಚಾಂಪಿಯನ್ ರೀಫ್ ಚಿನ್ನದ ಗಣಿ ಮೂರು ಕಿಲೋಮೀಟರ್‌ಗೂ ಜಾಸ್ತಿ ಆಳ. ತಾತ ದಿನಾ ಇಳೀತಿದ್ರು, ಟಿಕೆಟ್ಟೇ ಇರ್ಲಿಲ್ಲ."

"ಸುಮ್ನಿರೋ. ರಾತ್ರಿ ದೀಪ ನೋಡು, ಜಗಮಗ!"

"1902ರಲ್ಲೇ ಶಿವನಸಮುದ್ರದ ಕರೆಂಟು ಇಲ್ಲಿಗೆ ಬಂತಂತೆ ಸಾರ್, ಬೆಂಗಳೂರಿಗಿಂತ ಮೂರು ವರ್ಷ ಮೊದಲು."

(ಪಾಠ ಹೇಳಿಕೊಟ್ಟಿದ್ದು ಇದೇ ಮೇಷ್ಟ್ರು. ಅನುಭವಿಸಲಿ.)

"ಪಾರ್ಲಿಮೆಂಟೂ ಉಂಟು!"

"2001ರಲ್ಲಿ ಗಣಿ ಮುಚ್ಚಿದ್ದು ಕೇಂದ್ರದೋರೇ ಅಲ್ವಾ?"

ಮೇಷ್ಟ್ರು ಕೆಮ್ಮಿದರು. ಹುಡುಗನ ಕಂಕುಳಲ್ಲಿ ಹಳೇ ಹಾರ್ಲಿಕ್ಸ್ ಡಬ್ಬಿ, ಮುಚ್ಚಳಕ್ಕೆ ರಬ್ಬರ್ ಬ್ಯಾಂಡು.

"ಏನೋ ಅದು?"

"ಗಣಿಯ ಸೈನೈಡ್ ದಿಬ್ಬದ ಮಣ್ಣು. ಚಿನ್ನ ತಗೊಂಡೋರು ಇದನ್ನ ಮರ್ತು ಹೋಗಿದ್ದಾರೆ."

"ಲಗೇಜ್ ಚಾರ್ಜು ಯಾರಪ್ಪ ಕೊಡೋದು?"